ಕಾಯಿಲೋವರ್ ಎತ್ತರ ಇಳಿಸುವುದು: ಮೇಲಿನ ರಿಂಗಿನಲ್ಲೋ, ಕೆಳಗಿನ ಬ್ರ್ಯಾಕೆಟ್ಟಿನಲ್ಲೋ?

ತುಂಗಾತೀರ19

ಗಾಡಿ 2019ರ ಸ್ವಿಫ್ಟ್ ಪೆಟ್ರೋಲ್, 15 ಇಂಚಿನ ಚಕ್ರ. ಮುಂದೆ ಪೂರ್ತಿ ಉದ್ದವನ್ನೇ ಏರಿಳಿಸಬಹುದಾದ ಕಾಯಿಲೋವರ್ (ಸ್ಪ್ರಿಂಗ್, ಶಾಕ್ ಅಬ್ಸರ್ಬರ್ ಒಂದರೊಳಗೊಂದು ಇದ್ದು ಎತ್ತರ ಬದಲಿಸಬಹುದಾದ ಜೋಡಣೆ). ಸ್ಪ್ರಿಂಗ್ ಕೂರುವ ರಿಂಗ್ ಬೇರೆ, ನಕಲ್‌ಗೆ (ಚಕ್ರದ ಹಬ್ ಹೊರುವ ತುಂಡಿಗೆ) ಬೋಲ್ಟ್ ಆಗುವ ಕೆಳಗಿನ ಬ್ರ್ಯಾಕೆಟ್ ಬೇರೆ, ಎರಡಕ್ಕೂ ಬೇರೆ ಬೇರೆ ಲಾಕ್ ರಿಂಗ್. ಸ್ಪ್ರಿಂಗ್ ಮಿ.ಮೀ.ಗೆ 4 ಕೆ.ಜಿ. (ಒಂದು ಮಿ.ಮೀ. ಕುಗ್ಗಲು 4 ಕೆ.ಜಿ. ಭಾರ ಬೇಕು). ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂಚಕ್ರಗಳನ್ನು ಜೋಡಿಸುವ ಒಂದೇ ಅಡ್ಡತೊಲೆ). ಸ್ಪ್ರಿಂಗ್ ಒಂದು ಕಡೆ, ಶಾಕ್ ಅಬ್ಸರ್ಬರ್ ಒಂದು ಕಡೆ, ಸ್ಪ್ರಿಂಗಿಗೆ ಥ್ರೆಡ್ ಇರುವ ಅಡ್ಜಸ್ಟರ್.

ಹಬ್ ನಡುವಿನಿಂದ ಫೆಂಡರ್ ಅಂಚಿಗೆ ಅಳತೆ: ಮುಂದೆ ಎಡ 352, ಬಲ 345. ಹಿಂದೆ ಎಡ 358, ಬಲ 356 ಮಿ.ಮೀ.

ತೊಂದರೆ ಎರಡು. ಹಂಪ್ ದಾಟಿ ಚಕ್ರ ಕೆಳಗೆ ಜೋತಾಗ ಮುಂದಿನಿಂದ ‘ಟಣ್’ ಎಂಬ ಸದ್ದು. ಸಣ್ಣ ಗುಂಡಿಗೂ ಬಂಡೆಗೆ ಬಡಿದಂಥ ಹೊಡೆತ. ಹಾಕಿಕೊಟ್ಟವರು ಮೇಲಿನ ರಿಂಗನ್ನೇ ಕೆಳಗಿಳಿಸಿ ಗಾಡಿ ತಗ್ಗಿಸಿದ್ದಾರೆ, ಕೆಳಗಿನ ಬ್ರ್ಯಾಕೆಟ್ ಮುಟ್ಟಿಲ್ಲ. ಜಾಕಿ ಹಾಕಿ ಎತ್ತಿದರೆ ಸ್ಪ್ರಿಂಗ್ ಕೈಗೆ ಅಲ್ಲಾಡುತ್ತದೆ, ಸುಮಾರು 20 ಮಿ.ಮೀ. ಸಡಿಲ. ಡ್ಯಾಂಪಿಂಗ್ ಗುಬ್ಬಿ (ಶಾಕ್ ಅಬ್ಸರ್ಬರಿನ ಗಡಸು ಬದಲಿಸುವ ತಿರುಗಣಿ) ತಿರುಗಿಸಿದರೆ ಹೊಡೆತ ಕಡಿಮೆ ಆಗುತ್ತದಾ? ಎತ್ತರ ಈಗಿರುವಷ್ಟೇ ಇರಲಿ ಅನ್ನುವುದು ನನ್ನ ಆಸೆ.

ಪಾನಾಪೆಟ್ಟಿಗೆ

ಗುಬ್ಬಿಗೆ ಕೈ ಹಾಕಬೇಡಿ. ಕಾಯಿಲೆ ಅಲ್ಲಿಲ್ಲ. ನೀವು ಕೊಟ್ಟ ಅಂಕಿಗಳಲ್ಲೇ ಉತ್ತರ ಇದೆ, ಲೆಕ್ಕ ಹಾಕೋಣ.

ಖಾಲಿ ಗಾಡಿ ಸುಮಾರು 900 ಕೆ.ಜಿ., ಡ್ರೈವರ್ ಸೇರಿ 970. ಮುಂದಿನ ಪಾಲು ಶೇ. 61 ಎಂದಿಟ್ಟುಕೊಂಡರೆ ಒಂದೊಂದು ಮುಂಚಕ್ರದ ಮೇಲೆ 295 ಕೆ.ಜಿ. ಅದರಲ್ಲಿ ಚಕ್ರ, ಬ್ರೇಕ್, ನಕಲ್ ಇವುಗಳ ತೂಕ ಸ್ಪ್ರಿಂಗ್ ಮೇಲೆ ಬೀಳುವುದಿಲ್ಲ, 35 ಕಳೆಯಿರಿ. ಸ್ಪ್ರಿಂಗ್ ಹೊರುವುದು 260 ಕೆ.ಜಿ. ಮಿ.ಮೀ.ಗೆ 4 ಕೆ.ಜಿ. ಸ್ಪ್ರಿಂಗ್ ಆದ್ದರಿಂದ ಗಾಡಿ ನಿಂತಾಗ ಅದು 65 ಮಿ.ಮೀ. ಕುಗ್ಗಿರುತ್ತದೆ. ರಿಂಗ್ ಎಲ್ಲಿದ್ದರೂ ಈ 65 ಬದಲಾಗುವುದಿಲ್ಲ. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ.

ಈಗ ಡ್ಯಾಂಪರ್ (ಅಂದರೆ ಶಾಕ್ ಅಬ್ಸರ್ಬರ್) ಕಡೆ ಬನ್ನಿ. ಪೂರ್ತಿ ಚಾಚಿದಾಗ ಹೊರಗೆ ಕಾಣುವ ರಾಡ್ 120 ಮಿ.ಮೀ. ಅನ್ನಿ (ನಿಮ್ಮದನ್ನು ಅಳೆದು ಈ ಅಂಕಿ ಬದಲಿಸಿಕೊಳ್ಳಿ). ಸ್ಪ್ರಿಂಗ್ 20 ಮಿ.ಮೀ. ಸಡಿಲ ಎಂದರೆ, ಸ್ಪ್ರಿಂಗ್ ರಿಂಗನ್ನು ಮುಟ್ಟುವಷ್ಟರಲ್ಲೇ ರಾಡ್ 20 ಒಳಗೆ ಹೋಗಿದೆ. ಮೇಲೆ 65. ಒಟ್ಟು 85 ಖರ್ಚು. ಉಳಿದದ್ದು 35. ರಾಡ್ ಮೇಲಿರುವ ಬಂಪ್ ಸ್ಟಾಪ್ (ಕೊನೆಯ ಹೊಡೆತ ತಡೆಯುವ ರಬ್ಬರ್) 40 ಮಿ.ಮೀ. ಉದ್ದದ್ದಾದರೆ ಗಾಡಿ ನಿಂತಲ್ಲೇ ಬಂಪ್ ಸ್ಟಾಪಿನ ಮೇಲೆ ಕೂತಿದೆ, ಅದನ್ನು 5 ಮಿ.ಮೀ. ಒತ್ತಿಕೊಂಡೇ ಓಡುತ್ತಿದೆ. ಗುಂಡಿಯಲ್ಲಿ ಹೊಡೆಯುತ್ತಿರುವುದು ಸ್ಪ್ರಿಂಗ್ ಅಲ್ಲ, ರಬ್ಬರ್ ಮುದ್ದೆ. ‘ಟಣ್’ ಸದ್ದು, ಚಕ್ರ ಜೋತಾಗ ಸೀಟು ಬಿಟ್ಟ ಸ್ಪ್ರಿಂಗ್ ಮತ್ತೆ ಬಂದು ಕೂರುವ ಸದ್ದು.

ಸರಿಪಡಿಸುವುದು ಹೀಗೆ. ರಿಂಗನ್ನು 20 ಮಿ.ಮೀ. ಮೇಲೇರಿಸಿ ಸಡಿಲ ತೆಗೆಯಿರಿ, ಇನ್ನೂ 5 ಏರಿಸಿ ಪ್ರೀಲೋಡ್ (ಗಾಡಿಯ ಭಾರ ಬೀಳುವ ಮೊದಲೇ ಸ್ಪ್ರಿಂಗಿಗೆ ಕೊಡುವ ಒತ್ತು) ಕೊಡಿ. ಗಾಡಿ 25 ಮಿ.ಮೀ. ಮೇಲೇಳುತ್ತದೆ. ಆ 25ನ್ನು ಕೆಳಗಿನ ಬ್ರ್ಯಾಕೆಟ್ಟಿನಲ್ಲಿ ಇಳಿಸಿ. ಎತ್ತರ ಈಗಿರುವಷ್ಟೇ. ಆದರೆ ರಾಡ್ ಖರ್ಚಾಗುವುದು 60, ಉಳಿಯುವುದು 60. ಬಂಪ್ ಸ್ಟಾಪ್ ಮುಟ್ಟುವ ಮೊದಲು 20 ಮಿ.ಮೀ. ಖುಲ್ಲಾ ಜಾಗ. ಅದೇ ಸ್ಪ್ರಿಂಗ್, ಅದೇ ಡ್ಯಾಂಪರ್, ಗಾಡಿ ಮಾತ್ರ ಬೇರೆಯೇ ಅನ್ನಿಸುತ್ತದೆ.

ತುಂಗಾತೀರ19

ರಿಂಗ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲವೇ? ಹಾಗಂದುಕೊಂಡೇ ಅದನ್ನು ಮುಟ್ಟದೆ ಬಿಟ್ಟಿದ್ದೆ.

ಪಾನಾಪೆಟ್ಟಿಗೆ

ಆಗುವುದಿಲ್ಲ. ಒಂದೇ ದಪ್ಪ, ಒಂದೇ ಸುತ್ತಳತೆಯ ಸ್ಪ್ರಿಂಗ್‌ಗೆ 5 ಮಿ.ಮೀ. ಪ್ರೀಲೋಡ್ ಕೊಟ್ಟರೂ 15 ಕೊಟ್ಟರೂ ಅದು ಮಿ.ಮೀ.ಗೆ 4 ಕೆ.ಜಿ.ಯೇ. 5 ಮಿ.ಮೀ. ಪ್ರೀಲೋಡ್ ಎಂದರೆ 20 ಕೆ.ಜಿ.; ಗಾಡಿಯ 260 ಕೆ.ಜಿ. ಅದನ್ನು ಯಾವತ್ತೋ ದಾಟಿರುತ್ತದೆ. ಪ್ರೀಲೋಡಿನಿಂದ ಬದಲಾಗುವುದು ಇರುವ ಸ್ಟ್ರೋಕಿನಲ್ಲಿ (ರಾಡ್ ಓಡಾಡುವ ದೂರದಲ್ಲಿ) ಮೇಲಕ್ಕೆ ಎಷ್ಟು, ಕೆಳಕ್ಕೆ ಎಷ್ಟು ಎಂಬ ಪಾಲು ಮಾತ್ರ. ಹೆಚ್ಚು ಕೊಟ್ಟಷ್ಟೂ ಮೇಲಕ್ಕೆ ಜಾಗ ಹೆಚ್ಚು, ಕೆಳಕ್ಕೆ ಜೋಲುವುದು ಕಡಿಮೆ. ಅತಿಯಾದರೆ ಹಂಪಿನಾಚೆ ಚಕ್ರ ನೆಲ ಮುಟ್ಟುವ ಮೊದಲೇ ಡ್ಯಾಂಪರ್ ಪೂರ್ತಿ ಚಾಚಿಕೊಂಡು ಒಳಗೇ ಬಡಿಯುತ್ತದೆ. ಆ ಸದ್ದೂ ‘ಟಕ್’ ಎಂದೇ ಇರುತ್ತದೆ, ನಿಮ್ಮದಕ್ಕಿಂತ ಮಂದ. ಎರಡನ್ನೂ ಗುರುತಿಸುವ ಬಗೆ ಸುಲಭ: ಚಕ್ರ ಎತ್ತಿ ಸ್ಪ್ರಿಂಗ್ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಸಡಿಲದ ಸದ್ದು, ಕಚ್ಚಿಕೊಂಡಿದ್ದರೆ ಚಾಚಿ ಬಡಿಯುವ ಸದ್ದು.

ಮೈಸೂರು ಮೂಲೆತೂಕ

ಪಾನಾ ಅವರ ಲೆಕ್ಕಕ್ಕೆ ಒಪ್ಪಿಗೆ, 5 ಮಿ.ಮೀ. ಪ್ರೀಲೋಡಿಗೆ ಪೂರ್ತಿ ಒಪ್ಪಿಗೆ ಇಲ್ಲ. ನಮ್ಮ ರಸ್ತೆಗೆ 10 ಮಿ.ಮೀ. ಇರಲಿ. ಆಗ ಖರ್ಚು 55, ಉಳಿಕೆ 65, ಬಂಪ್ ಸ್ಟಾಪಿಗೆ ಮೊದಲು 25 ಸಿಗುತ್ತದೆ. ಕೆಳಕ್ಕೆ 55 ಇನ್ನೂ ಇದೆ, ಅದು ಧಾರಾಳ. ಪ್ರೀಲೋಡ್ ಸೊನ್ನೆ ಇರಬೇಕು ಎಂಬ ಮಾತು ಸಮತಟ್ಟಾದ ರೇಸ್ ಟ್ರ್ಯಾಕಿನಿಂದ ಬಂದದ್ದು. ಗುಂಡಿ ಇರುವ ಕಡೆ ಮೇಲಕ್ಕೆ ಸಿಗುವ ಒಂದೊಂದು ಮಿಲಿಮೀಟರೂ ಬೆಲೆಯುಳ್ಳದ್ದು.

ಇನ್ನೊಂದು ಮಾತನ್ನು ಯಾರೂ ಹೇಳಿಲ್ಲ, ಅದು ಅಪಾಯದ ಮಾತು. ಬ್ರ್ಯಾಕೆಟ್ ಒಳಗೆ 25 ಅಥವಾ 30 ಮಿ.ಮೀ. ಹೊಗಿಸಿದಿರಿ ಅನ್ನಿ. ಡ್ಯಾಂಪರ್ ಪೂರ್ತಿ ಒತ್ತಿದಾಗ ಚಕ್ರ ಮೊದಲಿಗಿಂತ ಅಷ್ಟೇ ಮೇಲಕ್ಕೆ ಹೋಗುತ್ತದೆ. ಮೊದಲು ಬಂಪ್ ಸ್ಟಾಪ್ ತಡೆಯುತ್ತಿತ್ತು. ಈಗ ಅದು ತಡೆಯುವ ಮೊದಲೇ ಟೈರ್ ಒಳಗಿನ ಲೈನರಿಗೋ ಫೆಂಡರ್ ಅಂಚಿಗೋ ತಾಗಬಹುದು. ಪೂರ್ತಿ ಉದ್ದ ಏರಿಳಿಸುವ ಕಾಯಿಲೋವರಿನಲ್ಲಿ ‘ಸ್ಟ್ರೋಕ್ ಹಾಗೇ ಉಳಿಯುತ್ತದೆ’ ಎಂದು ಮಾರುವವರು ಹೇಳುವುದು ನಿಜ, ಆ ಸ್ಟ್ರೋಕಿಗೆ ಗಾಡಿಯಲ್ಲಿ ಜಾಗ ಇದೆಯೇ ಎಂಬುದನ್ನು ನಾವೇ ನೋಡಬೇಕು.

ಪರೀಕ್ಷೆ ಹೀಗಿದೆ. ಸ್ಪ್ರಿಂಗ್ ತೆಗೆದು ಸ್ಟ್ರಟ್ (ಡ್ಯಾಂಪರ್ ಇರುವ ಕಂಬ) ಮಾತ್ರ ಜೋಡಿಸಿ. ಬಂಪ್ ಸ್ಟಾಪ್ ತೆಗೆದು ಅದರ ಜಾಗಕ್ಕೆ ಸುಮಾರು 15 ಮಿ.ಮೀ. ಎತ್ತರದ ನೈಲಾನ್ ಬುಷ್ ಹಾಕಿ; ಪೂರ್ತಿ ಹಿಂಡಿದ ಬಂಪ್ ಸ್ಟಾಪ್ ಸುಮಾರು ಅಷ್ಟೇ ಇರುತ್ತದೆ. ಎರಡೂ ಕಡೆಯ ಸ್ಟೆಬಿಲೈಸರ್ (ಗಾಡಿ ವಾಲದಂತೆ ಎಡಬಲ ಚಕ್ರ ಜೋಡಿಸುವ ಬಾರ್) ಲಿಂಕ್ ರಾಡ್ ಬಿಚ್ಚಿಡಿ. ಗಾಡಿ ಸ್ಟ್ಯಾಂಡ್ ಮೇಲೆ ಭದ್ರವಾಗಿರಲಿ. ಚಕ್ರ ಹಾಕಿ, ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಬಾಲ್ ಜಾಯಿಂಟ್ ಹತ್ತಿರ ಜಾಕಿ ಕೊಟ್ಟು ಡ್ಯಾಂಪರ್ ನಿಲ್ಲುವ ತನಕ ಎತ್ತಿ. ಸ್ಟಿಯರಿಂಗ್ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ಟೈರ್ ಸುತ್ತ ಬೆರಳಾಡಿಸಿ. ಎಲ್ಲೇ ಆಗಲಿ 8–10 ಮಿ.ಮೀ. ಸಂದು ಬೇಕು. ಬ್ರೇಕ್ ಹೋಸ್, ಎಬಿಎಸ್ ವೈರ್, ಡ್ರೈವ್ ಶಾಫ್ಟ್ ಬೂಟ್ ಇವನ್ನೂ ಆಗಲೇ ನೋಡಿ. ಟೈರ್ ತಾಗಿದರೆ ಬಂಪ್ ಸ್ಟಾಪ್ ಕೆಳಗೆ ಅಷ್ಟು ದಪ್ಪದ ಪ್ಯಾಕರ್ ಹಾಕಿ, ಇಲ್ಲವೇ ಎತ್ತರವನ್ನೇ ಏರಿಸಿ. ಫೆಂಡರ್ ಅಂಚು ಬಡಿದು ಮಡಿಸುವುದು ಆಮೇಲಿನ ಮಾತು. ಬಣ್ಣ ಒಡೆದು ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಪಾನಾಪೆಟ್ಟಿಗೆ

10 ಮಿ.ಮೀ. ಇರಲಿ, ಸೋತೆ. ಸ್ಪ್ರಿಂಗ್ ಮಿ.ಮೀ.ಗೆ 8 ಕೆ.ಜಿ. ಆಗಿದ್ದರೆ ನಿಮಗೆ ಒಪ್ಪುತ್ತಿರಲಿಲ್ಲ. ಆಗ ಗಾಡಿ ನಿಂತಾಗ ಕುಗ್ಗುವುದೇ 32 ಚಿಲ್ಲರೆ, ಅದರಲ್ಲಿ 10 ಹೋದರೆ ಚಕ್ರ ಜೋಲಲು 22 ಮಾತ್ರ ಉಳಿಯುತ್ತದೆ. 4 ಕೆ.ಜಿ.ಗೆ ನಡೆಯುತ್ತದೆ.

ಕೆಲಸದ ವಿವರ ಬರೆಯುತ್ತೇನೆ. ಬೇಕಾದದ್ದು: ಕಿಟ್ ಜೊತೆ ಬಂದ ಸಿ-ಸ್ಪ್ಯಾನರ್ ಎರಡು, ತಂತಿ ಬ್ರಷ್, ಟಾರ್ಕ್ ರೆಂಚ್, ಜಾಕಿ, ಸ್ಟ್ಯಾಂಡ್ ಎರಡು, ಟೇಪು, ವರ್ನಿಯರ್ ಕ್ಯಾಲಿಪರ್, ಬಿಳಿ ಪೇಂಟ್ ಮಾರ್ಕರ್, ಕೇಬಲ್ ಟೈ ನಾಲ್ಕು.

ಗಾಡಿ ಎತ್ತುವ ಮೊದಲೇ ನಾಲ್ಕೂ ಮೂಲೆ ಅಳೆದು ಬರೆದಿಡಿ. ಫೆಂಡರ್‌ನಿಂದ ನೆಲಕ್ಕೆ ಬೇಡ, ನೀವು ಮಾಡಿದಂತೆ ಹಬ್ ನಡುವಿನಿಂದಲೇ ಅಳೆಯಿರಿ. ಟೈರ್ ಗಾಳಿ, ಸವೆತ ಎರಡೂ ಲೆಕ್ಕಕ್ಕೆ ಬರುವುದಿಲ್ಲ. ನಕಲ್‌ಗೆ ಹೋಗುವ ಎರಡು ಬೋಲ್ಟಿನ ತಲೆ ಹಾಗೂ ಬ್ರ್ಯಾಕೆಟ್ ಸೇರಿಸಿ ಬಿಳಿ ಗೆರೆ ಎಳೆಯಿರಿ. ಆ ತೂತುಗಳಲ್ಲಿ ಸ್ವಲ್ಪ ಆಟ ಇರುತ್ತದೆ, ಗೆರೆ ತಪ್ಪಿದರೆ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ) ತಪ್ಪಿತು.

ಚಕ್ರ ಬಿಚ್ಚಿದ ಮೇಲೆ ಮೊದಲ ಕೆಲಸ ಥ್ರೆಡ್ ತೊಳೆಯುವುದು. ಮಣ್ಣು ಕೂತ ಥ್ರೆಡ್ಡಿನ ಮೇಲೆ ಅಲ್ಯುಮಿನಿಯಂ ರಿಂಗ್ ತಿರುಗಿಸಿದರೆ ಮರಳು ಕಚ್ಚಿ ರಿಂಗ್ ಅಲ್ಲೇ ಹಿಡಿದುಕೊಳ್ಳುತ್ತದೆ. ನೀರು, ಬ್ರಷ್, ಮತ್ತೆ ನೀರು, ಒರೆಸಿ, ಆಮೇಲೆ ತೆಳ್ಳಗೆ ಎಣ್ಣೆ. ಗಾಡಿಯ ಭಾರ ಚಕ್ರದ ಮೇಲಿರುವಾಗ ರಿಂಗ್ ತಿರುಗಿಸಲೇಬೇಡಿ.

ಕ್ಯಾಲಿಪರಿನಲ್ಲಿ 10 ಥ್ರೆಡ್ ಅಳೆಯಿರಿ. 20 ಮಿ.ಮೀ. ಬಂದರೆ ಒಂದು ಸುತ್ತಿಗೆ 2 ಮಿ.ಮೀ.; 15 ಬಂದರೆ ಒಂದೂವರೆ. ನಿಮ್ಮದು 2 ಆದರೆ ರಿಂಗ್ ಮೇಲಕ್ಕೆ 15 ಸುತ್ತು: 10 ಸುತ್ತು ಸಡಿಲ ತೆಗೆಯಲು, 5 ಸುತ್ತು ಪ್ರೀಲೋಡಿಗೆ. ಸುತ್ತು ಎಣಿಸಿದರೆ ಸಾಲದು, ರಿಂಗ್‌ನಿಂದ ಬ್ರ್ಯಾಕೆಟ್ ತುದಿಗೆ, ಬ್ರ್ಯಾಕೆಟ್ ಬೋಲ್ಟಿನಿಂದ ಲಾಕ್ ರಿಂಗಿಗೆ ಎರಡೂ ಅಳತೆ ಎಡಬಲ ಒಂದೇ ಇದೆಯೇ ನೋಡಿ.

ಕೆಳಗಿನ ಬ್ರ್ಯಾಕೆಟ್ ಹೊಂದಿಸಲು ಅದರ ಲಾಕ್ ರಿಂಗ್ ಸಡಿಲಿಸಿ, ನಕಲ್ ಬೋಲ್ಟ್ ಬಿಚ್ಚಿ, ಬ್ರ್ಯಾಕೆಟ್ಟನ್ನೇ ತಿರುಗಿಸಿ. ನಕಲ್ ಹೊರಗೆ ವಾಲಿ ಡ್ರೈವ್ ಶಾಫ್ಟ್ ಒಳಜಾಯಿಂಟಿನಿಂದ ಕಳಚಿಕೊಳ್ಳದಂತೆ ತಂತಿಯಲ್ಲಿ ಕಟ್ಟಿಡಿ, ಬ್ರೇಕ್ ಹೋಸ್‌ಗೆ ಕ್ಯಾಲಿಪರ್ ಜೋತುಬಿಡಬೇಡಿ. ಬ್ರ್ಯಾಕೆಟ್ಟು ಅರ್ಧ ಸುತ್ತಿನಲ್ಲಿ ಹಿಂದುಮುಂದಾಗಬಾರದು, ಹೋಸ್ ಕ್ಲಿಪ್ ಇರುವ ಕಡೆ ಒಳಮುಖವಾಗಿಯೇ ಬರಬೇಕು. ಹೀಗಾಗಿ ಕೆಳಗೆ ಎತ್ತರ ಪೂರ್ತಿ ಸುತ್ತುಗಳಲ್ಲೇ ಸಿಗುತ್ತದೆ. ಅದಕ್ಕಿಂತ ಸೂಕ್ಷ್ಮ ಬೇಕಾದರೆ ಬ್ರ್ಯಾಕೆಟ್ ಹಾಗೇ ಇಟ್ಟು ಡ್ಯಾಂಪರ್ ಬಾಡಿ ತಿರುಗಿಸಿ; ಲಿಂಕ್ ರಾಡ್ ಕಿವಿ ಬಾಡಿಯ ಮೇಲಿದ್ದರೆ ಅದಕ್ಕೂ ಆಸ್ಪದ ಇಲ್ಲ.

ಕೊನೆಗೆ ಲಾಕ್ ರಿಂಗ್. ತಯಾರಕರ ಹಾಳೆಯಲ್ಲಿ ಇರುವ ಟಾರ್ಕ್ ನೋಡಿ. ಸಿ-ಸ್ಪ್ಯಾನರಿಗೆ ಪೈಪ್ ಸೇರಿಸಿ ಎಳೆದರೆ ರಿಂಗಿನ ಹಲ್ಲು ಮುರಿಯುತ್ತದೆ. ಬಿಗಿದ ಮೇಲೆ ರಿಂಗ್, ಲಾಕ್ ರಿಂಗ್, ಬಾಡಿ ಮೂರನ್ನೂ ಸೇರಿಸಿ ಗೆರೆ ಎಳೆಯಿರಿ. ಮುಂದೆ ಅದು ಜಾರಿದೆಯೇ ಎಂದು ಟಾರ್ಚ್ ಹಿಡಿದರೆ ಕಾಣುತ್ತದೆ.

ಸ್ಪ್ರಿಂಗ್ ತೆಗೆಯಬೇಕಾದರೆ ಈ ಕಿಟ್‌ಗೆ ಸ್ಪ್ರಿಂಗ್ ಕಂಪ್ರೆಸರ್ ಬೇಡ. ರಿಂಗನ್ನು ಪೂರ್ತಿ ಕೆಳಗಿಳಿಸಿ, ಸ್ಪ್ರಿಂಗ್ ಕೈಗೆ ಅಲ್ಲಾಡುವುದು ಖಚಿತವಾದ ಮೇಲಷ್ಟೇ ಮೇಲಿನ ನಟ್ ಬಿಚ್ಚಿ. ಆ ನಟ್‌ಗೆ ಇಂಪ್ಯಾಕ್ಟ್ ಗನ್ ಹಿಡಿಯಬೇಡಿ; ರಾಡ್ ಗಿರ್ರನೆ ತಿರುಗಿ ಡ್ಯಾಂಪರ್ ಸೀಲ್ ಹಾಳು. ಅಲೆನ್ ಕೀಯಲ್ಲಿ ರಾಡ್ ಹಿಡಿದು ಪಾನಾದಲ್ಲಿ ಬಿಚ್ಚಿ.

ಕರಾವಳಿ ಉಪ್ಪುಗಾಳಿ

ಮಂಗಳೂರು, ಉಡುಪಿ ಕಡೆಯವರಿಗೆ ಒಂದು ಸೇರಿಸುತ್ತೇನೆ. ಇಲ್ಲಿ ಎರಡು ಮಳೆಗಾಲ ಕಳೆದರೆ ರಿಂಗ್ ತಿರುಗುವುದೇ ಇಲ್ಲ. ಉಕ್ಕಿನ ಬಾಡಿ, ಅಲ್ಯುಮಿನಿಯಂ ರಿಂಗ್, ನಡುವೆ ಉಪ್ಪುನೀರು: ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಥ್ರೆಡ್ ತುಂಬಿಬಿಡುತ್ತದೆ. ಹಿಡಿದ ರಿಂಗಿಗೆ ಉಳಿ, ಸುತ್ತಿಗೆ ಬೇಡ. ಹಲ್ಲು ಹಾರಿದರೆ ಆಮೇಲೆ ಸ್ಪ್ಯಾನರ್ ಕೂರುವುದಿಲ್ಲ. ಬೆಂಕಿಯಂತೂ ಕೂಡದು, ಒಳಗೆ ಎಣ್ಣೆ ಮತ್ತು ಸೀಲ್ ಇವೆ. ಬಿಸಿನೀರಿನಲ್ಲಿ ತೊಳೆದು, ಪುಡಿಯನ್ನು ಹಿತ್ತಾಳೆ ಬ್ರಷ್‌ನಲ್ಲಿ ಕೆರೆದು, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಡಿ. ಮರುದಿನ ಮೊದಲು ಬಿಗಿಯುವ ದಿಕ್ಕಿಗೆ ಒಂದು ಎಳೆ, ಆಮೇಲೆ ಬಿಚ್ಚುವ ದಿಕ್ಕಿಗೆ. ಹೀಗೆ ಹಿಂದೆ ಮುಂದೆ ಆಡಿಸುತ್ತ ಬಂದರೆ ಬಿಡುತ್ತದೆ.

ಮೇ ಕೊನೆಗೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ರಿಂಗುಗಳನ್ನು ಎರಡು ಸುತ್ತು ಆಡಿಸಿ ಮತ್ತೆ ಗುರುತಿನ ಜಾಗಕ್ಕೆ ತಂದರೆ ಹಿಡಿಯುವುದೇ ಇಲ್ಲ. ಥ್ರೆಡ್ಡಿಗೆ ಗ್ರೀಸ್ ಬಳಿದು ಬಿಡಬೇಡಿ, ಕೆಂಪು ಮಣ್ಣು ಮೆತ್ತಿಕೊಂಡು ಅರೆಯುವ ಹಿಟ್ಟಾಗುತ್ತದೆ.

ಪಾನಾಪೆಟ್ಟಿಗೆ

ಗ್ರೀಸ್ ಬೇಡ ಅನ್ನುವುದು ಸರಿ. ಆದರೆ ಒಣಗಿಸಿ ಬಿಟ್ಟರೂ ಕರಾವಳಿಯಲ್ಲಿ ಉಳಿಯದು. ರಿಂಗ್ ಕೂತಿರುವ ಜಾಗದ ಥ್ರೆಡ್ಡಿಗೆ ಮಾತ್ರ ಆ್ಯಂಟಿ-ಸೀಜ್ (ಥ್ರೆಡ್ ಹಿಡಿದುಕೊಳ್ಳದಂತೆ ತಡೆಯುವ ಲೇಪ) ತೆಳ್ಳಗೆ ಬಳಿದು, ಹೊರಗೆ ಕಾಣುವುದನ್ನು ಒರೆಸಿಬಿಡಿ. ಹೊರಗಿನ ಥ್ರೆಡ್ಡಿಗೆ ಒಣಗಿ ಪೊರೆಯಾಗುವ ಮೇಣದ ಸ್ಪ್ರೇ.

ಕರಾವಳಿ ಉಪ್ಪುಗಾಳಿ

ಹೌದು, ಮೇಣದ ಸ್ಪ್ರೇ ನಡೆಯುತ್ತದೆ. ಆ್ಯಂಟಿ-ಸೀಜ್ ಹಾಕಿದರೆ ಲಾಕ್ ರಿಂಗ್ ಅದೇ ಟಾರ್ಕಿನಲ್ಲಿ ಹೆಚ್ಚು ಬಿಗಿಯುತ್ತದೆ ಎಂಬುದು ನೆನಪಿರಲಿ, ಕೈ ಸ್ವಲ್ಪ ಹಗುರ ಮಾಡಿ. ತಾಮ್ರದ ಪುಡಿ ಇರುವ ಆ್ಯಂಟಿ-ಸೀಜ್ ಅಲ್ಯುಮಿನಿಯಂ ರಿಂಗಿಗೆ ಬೇಡ, ಉಪ್ಪುನೀರು ಸೇರಿದರೆ ತಾಮ್ರವೇ ಅದನ್ನು ತಿನ್ನಿಸುತ್ತದೆ.

ತುಂಗಾತೀರ19

ಮುಂದಿನದು ಅರ್ಥವಾಯಿತು. ಹಿಂದೆ ಅಡ್ಜಸ್ಟರ್ 10 ಮಿ.ಮೀ. ಇಳಿಸಿದರೆ ಗಾಡಿ 10 ಇಳಿಯುತ್ತದೆಯೇ? ಮತ್ತೆ ಎಡಬಲ 7 ಮಿ.ಮೀ. ವ್ಯತ್ಯಾಸಕ್ಕೆ ಏನು ಮಾಡಲಿ?

ಮೈಸೂರು ಮೂಲೆತೂಕ

ಹಿಂದೆ ಹತ್ತಕ್ಕೆ ಹತ್ತು ಬರುವುದಿಲ್ಲ. ಸ್ಪ್ರಿಂಗ್ ಕೂರುವುದು ಚಕ್ರದ ನೇರಕ್ಕಲ್ಲ, ಬೀಮಿನ ಮುಂದಿನ ಬುಷ್ ಕಡೆಗೆ. ಬುಷ್ ನಡುವಿನಿಂದ ಹಬ್ ನಡುವಿಗೆ, ಬುಷ್‌ನಿಂದ ಸ್ಪ್ರಿಂಗ್ ನಡುವಿಗೆ ಅಳೆಯಿರಿ. ಉದಾಹರಣೆಗೆ 420 ಮತ್ತು 340 ಬಂದರೆ, ಅಡ್ಜಸ್ಟರಿನಲ್ಲಿ 10 ಇಳಿಸಿದಾಗ ಚಕ್ರದ ಬಳಿ 12ಕ್ಕೂ ಸ್ವಲ್ಪ ಹೆಚ್ಚು ಇಳಿಯುತ್ತದೆ. ಹಿಂದೆ ಎಚ್ಚರ ಬೇಕಾದದ್ದು ಇನ್ನೊಂದಕ್ಕೆ: ಸ್ಪ್ರಿಂಗನ್ನು ಹಿಡಿದಿಡುವ ರಾಡ್ ಅದರೊಳಗೆ ಇಲ್ಲ. ಅಡ್ಜಸ್ಟರ್ ತೀರಾ ಇಳಿಸಿದರೆ ಚಕ್ರ ಜೋತಾಗ ಸ್ಪ್ರಿಂಗ್ ಸೀಟಿನಿಂದ ಪಕ್ಕಕ್ಕೆ ಜಾರಿ ಓರೆಯಾಗಿ ಕೂರಬಹುದು. ಎರಡೂ ಚಕ್ರ ಜೋಲುಬಿಟ್ಟಾಗ ಸ್ಪ್ರಿಂಗ್ ಕೈಗೆ ತಿರುಗದಷ್ಟಾದರೂ ಬಿಗಿ ಇರಲಿ. ಅದಕ್ಕಿಂತ ಕೆಳಗೆ ಬೇಕೆಂದರೆ ಹಿಂದಿನ ಶಾಕ್ ಅಬ್ಸರ್ಬರ್ ಗಿಡ್ಡದ್ದೇ ಬೇಕು.

7 ಮಿ.ಮೀ. ಬಗ್ಗೆ: ಕೂಡಲೇ ರಿಂಗ್ ತಿರುಗಿಸಿ ಸಮ ಮಾಡಬೇಡಿ. ಮೊದಲು ಕಾರಣ ಹುಡುಕಿ. ಅಳೆದ ನೆಲ ಮಟ್ಟವಾಗಿತ್ತೇ? ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ನಾಲ್ಕು ಚಕ್ರದ ಜಾಗ ನೋಡಿಕೊಳ್ಳಿ. ಜಾಕಿಯಿಂದ ಇಳಿಸಿದ ಕೂಡಲೇ ಅಳೆದರೆ ಟೈರ್ ಒಳಕ್ಕೆ ಕಚ್ಚಿ ಗಾಡಿ ಎತ್ತರವಾಗಿಯೇ ನಿಂತಿರುತ್ತದೆ. ಐದಾರು ಅಡಿ ಹಿಂದೆ ಮುಂದೆ ಉರುಳಿಸಿ, ಬಾನೆಟ್ ಮೇಲೆ ಎರಡು ಸಲ ಒತ್ತಿ ಬಿಟ್ಟು ಅಳೆಯಿರಿ. ಹ್ಯಾಂಡ್ ಬ್ರೇಕ್ ಬಿಟ್ಟಿರಲಿ. 37 ಲೀಟರ್ ಟ್ಯಾಂಕ್ ಅರ್ಧ ತುಂಬಿರಲಿ. ಡ್ರೈವರ್ ಸೀಟಿನಲ್ಲಿ ಓಡಿಸುವವರ ತೂಕದ ಅಕ್ಕಿ ಮೂಟೆ ಇಡಿ.

ಫೆಂಡರ್ ಅಂಚೇ ಎಡಬಲ ಕೆಲವು ಮಿ.ಮೀ. ಬೇರೆ ಇರುವುದುಂಟು, ಅದರಲ್ಲೂ ಒಮ್ಮೆ ಬಡಿದು ಸರಿಮಾಡಿದ ಫೆಂಡರ್ ಆಗಿದ್ದರೆ. ಲೋವರ್ ಆರ್ಮಿನ ಒಳ ಬೋಲ್ಟಿನಿಂದ ನೆಲಕ್ಕೆ ಎರಡೂ ಕಡೆ ಅಳೆದು ತಾಳೆ ನೋಡಿ. ಲಿಂಕ್ ರಾಡ್ ಒಂದು ಕಡೆ ಬಿಚ್ಚಿ ಅಳೆಯಿರಿ. ವ್ಯತ್ಯಾಸ ಹೋದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಕೂತಿತ್ತು ಎಂದರ್ಥ. ಇಷ್ಟಾದ ಮೇಲೂ 3 ಮಿ.ಮೀ.ಗಿಂತ ಹೆಚ್ಚು ಉಳಿದರೆ ಮಾತ್ರ ಸ್ಪ್ಯಾನರ್.

ಒಂದು ಮೂಲೆ ಏರಿಸಿದರೆ ಆ ಮೂಲೆಗೂ ಅದರ ಕರ್ಣದ ಎದುರು ಮೂಲೆಗೂ ಭಾರ ಹೆಚ್ಚುತ್ತದೆ, ಉಳಿದೆರಡಕ್ಕೆ ಕಡಿಮೆಯಾಗುತ್ತದೆ. ನಾಲ್ಕು ಕಾಲಿನ ಕುರ್ಚಿಯ ಒಂದು ಕಾಲಿಗೆ ಚಕ್ಕೆ ಇಟ್ಟ ಹಾಗೆ. ನಾಲ್ಕು ತಕ್ಕಡಿ ಸಿಕ್ಕರೆ ಹೀಗೆ ನೋಡಿ: ಮುಂದೆ ಎಡ 300, ಬಲ 290, ಹಿಂದೆ ಎಡ 180, ಬಲ 200, ಒಟ್ಟು 970. ಮುಂದಿನ ಬಲ ಮತ್ತು ಹಿಂದಿನ ಎಡ ಕೂಡಿದರೆ 470, ಅಂದರೆ ಶೇ. 48.5. ಇದು ಶೇ. 50ರ ಹತ್ತಿರ ಬರಬೇಕು. ಒಂದೇ ಮೂಲೆಯಲ್ಲಿ ಎಲ್ಲವನ್ನೂ ಸರಿ ಮಾಡಲು ಹೋಗದೆ ಮುಂದಿನ ಬಲ, ಹಿಂದಿನ ಎಡ ಅರ್ಧ ಸುತ್ತು ಏರಿಸಿ, ಉಳಿದೆರಡನ್ನು ಅರ್ಧ ಸುತ್ತು ಇಳಿಸಿ, ಮತ್ತೆ ತೂಗಿ. ತೂಗುವಾಗ ಲಿಂಕ್ ರಾಡ್ ಬಿಚ್ಚಿರಬೇಕು. ದಿನಬಳಕೆಯ ಗಾಡಿಗೆ ತಕ್ಕಡಿ ಕಡ್ಡಾಯ ಅಲ್ಲ. ಆದರೆ ಬ್ರೇಕ್ ಹಿಡಿದಾಗ ಒಂದು ಚಕ್ರ ಬೇಗ ಲಾಕ್ ಆಗುವುದು, ಬಲ ತಿರುವಿಗೂ ಎಡ ತಿರುವಿಗೂ ಗಾಡಿಯ ನಡೆ ಬೇರೆ ಇರುವುದು ಕಂಡರೆ ಮೂಲ ಇಲ್ಲೇ ಇರುತ್ತದೆ.

ಹುಬ್ಬಳ್ಳಿ ಅಲೈನ್‌ಮೆಂಟ್

ಎಲ್ಲಾರೂ ರಿಂಗಿನ ಬಗ್ಗೆನ ಬರದೀರಿ, ಬುಷ್ ಮರತೀರಿ ನೋಡ್ರಿ. ಲೋವರ್ ಆರ್ಮಿನ ರಬ್ಬರ್ ಬುಷ್ ಒಳಗ ಉಕ್ಕಿನ ತೋಳು ಬೋಲ್ಟಿಗೆ ಬಿಗಿದಿರತದ, ಅದು ತಿರುಗಂಗಿಲ್ಲ, ರಬ್ಬರ್ ತಿರುಚಿಕೊಂತದ. ಹಳೇ ಎತ್ತರದಾಗ ಬಿಗಿದ ಬೋಲ್ಟ್ ಹಂಗ ಬಿಟ್ಟು ಗಾಡಿ 35 ಮಿ.ಮೀ. ಇಳಿಸಿದ್ರ ರಬ್ಬರ್ ಯಾವಾಗಲೂ ತಿರುಚಿದ ಸ್ಥಿತಿಯೊಳಗ ಇರತದ. ಬಲು ಬೇಗ ಹರೀತದ, ಎತ್ತರನೂ ಸುಳ್ಳು ಹೇಳತದ. ಗಾಡಿ ನಾಲ್ಕೂ ಚಕ್ರದ ಮ್ಯಾಲೆ ನಿಂತಾಗ ಆ ಬೋಲ್ಟ್ ಸಡಿಲ ಮಾಡಿ, ಒಮ್ಮೆ ಕುಣಿಸಿ, ಸರ್ವೀಸ್ ಪುಸ್ತಕದಾಗಿನ ಟಾರ್ಕಿಗೆ ಬಿಗೀರಿ. ಹಿಂದಿನ ಬೀಮಿನ ಬುಷ್ ಬೋಲ್ಟಿಗೂ ಇದ ಕೆಲಸ.

ಅಲೈನ್‌ಮೆಂಟ್ ಎತ್ತರ ಮುಗಿದ ಮ್ಯಾಲ ಮಾಡಸ್ರಿ, ಮೊದಲ ಮಾಡಿಸಿದ್ರ ರೊಕ್ಕ ದಂಡ. ಎತ್ತರ 5 ಮಿ.ಮೀ. ಬದಲಾದ್ರೂ ಟೋ (ಚಕ್ರ ಒಳಗ ಇಲ್ಲಾ ಹೊರಗ ಮುಖ ಮಾಡೂ ಕೋನ) ಬದಲಾಗತದ, ಯಾಕಂದ್ರ ಟೈ ರಾಡಿನ ಕೋನ ಲೋವರ್ ಆರ್ಮಿನ ಕೋನಕ್ಕ ಹೊಂದಂಗಿಲ್ಲ. ಮುಂದಿನ ಒಟ್ಟು ಟೋ ಸೊನ್ನೆಯಿಂದ 10 ಮಿನಿಟ್ (ಡಿಗ್ರಿಯೊಳಗ ಆರನೇ ಒಂದು ಪಾಲು) ಒಳಮುಖ ಇದ್ರ ಟೈರ್ ಸಮ ಸವೀತದ. ಕ್ಯಾಂಬರ್ ಒಂದು ಡಿಗ್ರಿ ಒಳಗ ವಾಲಿದ್ರೂ ಹೆದರಬ್ಯಾಡ್ರಿ, ಎಡಬಲ ವ್ಯತ್ಯಾಸ ಅರ್ಧ ಡಿಗ್ರಿ ದಾಟಬಾರದು. ಟೈರಿನ ಒಳ ಅಂಚು ತಿನ್ನೋದು ಭಾಳ ಸಲ ಕ್ಯಾಂಬರಿನಿಂದ ಅಲ್ಲ, ಟೋ ತಪ್ಪಿದ್ದರಿಂದ. ಹಿಂದಿನ ಬೀಮಿಗೆ ಅಡ್ಜಸ್ಟ್ ಇಲ್ಲ. ಅಂಕಿ ತಪ್ಪಿದ್ರ ಬೀಮ್ ಬಾಗ್ಯದೋ ಬುಷ್ ಹೋಗ್ಯದೋ ನೋಡ್ರಿ.

ಹೆಡ್‌ಲೈಟ್ ಮರೀಬ್ಯಾಡ್ರಿ. ವೀಲ್‌ಬೇಸ್ 2450 ಮಿ.ಮೀ. ಹಿಂದ ಮುಂದಕ್ಕಿಂತ 10 ಮಿ.ಮೀ. ಹೆಚ್ಚು ಇಳದ್ರ ಬೆಳಕು 10 ಮೀಟರ್ ದೂರದಾಗ 4 ಸೆಂ.ಮೀ. ಮ್ಯಾಲೆ ಏರತದ. ಎದುರಿನವರ ಕಣ್ಣಿಗೆ ಹೊಡಿಯೋದು ಇಷ್ಟಕ್ಕ.

ತುಂಗಾತೀರ19

ಈಗ ಮೂಲ ಎತ್ತರಕ್ಕಿಂತ ಸುಮಾರು 35 ಕೆಳಗಿದ್ದೇನೆ. ಕಂಪನಿ ಲೆಕ್ಕದ ಗ್ರೌಂಡ್ ಕ್ಲಿಯರೆನ್ಸ್ 163, ಅಂದರೆ ಉಳಿದದ್ದು 128. ಹಂಪಿಗೆ ಸಾಕೇ? ಇನ್ನೂ 15 ಇಳಿಸಬಹುದೇ?

ಪಾನಾಪೆಟ್ಟಿಗೆ

ಹಂಪ್ ಸರಿಯಾಗಿದ್ದರೆ 128 ಬೇಕಾದಷ್ಟಾಯಿತು. ಐಆರ್‌ಸಿ 99 (ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ) 1988ರ ಆವೃತ್ತಿಯಲ್ಲಿ ಹೇಳಿದ್ದ ದುಂಡು ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯ. ನಿಮ್ಮ ಗಾಡಿಯ ನಡುಭಾಗ ಹಂಪಿನ ನೆತ್ತಿಯ ಮೇಲಿದ್ದಾಗ ಮುಂದಿನ, ಹಿಂದಿನ ಚಕ್ರ ನೆತ್ತಿಯಿಂದ 1.225 ಮೀಟರ್ ದೂರ, ಎರಡೂ ಇನ್ನೂ ಹಂಪಿನ ಮೇಲೆಯೇ. ನೆತ್ತಿಗಿಂತ ಅವು 44 ಮಿ.ಮೀ. ಕೆಳಗೆ ಇರುತ್ತವೆ. ಹೊಟ್ಟೆಗೆ ಬೇಕಾದದ್ದು ಅಷ್ಟೇ ಸಂದು, ಜೊತೆಗೆ ಸ್ಪ್ರಿಂಗ್ ಕುಣಿತಕ್ಕೆ ಸ್ವಲ್ಪ. ತೊಂದರೆ ಇರುವುದು ಊರ ಮುಂದೆ ಜಲ್ಲಿ ಸಿಮೆಂಟು ಸುರಿದು ಮಾಡಿದ ಗಿಡ್ಡ ಗುಡ್ಡೆಗಳಲ್ಲಿ. ಅಡಿ ಅಗಲ, 15 ಸೆಂ.ಮೀ. ಎತ್ತರ ಇದ್ದರೆ ನಾಲ್ಕೂ ಚಕ್ರ ಸಪಾಟು ನೆಲದ ಮೇಲಿರುವಾಗ ಗುಡ್ಡೆ ಹೊಟ್ಟೆಯ ಕೆಳಗೆ ಬರುತ್ತದೆ, ಪೂರಾ 150 ಬೇಕು. ಓರೆಯಾಗಿ ದಾಟಿದರೆ ಒಂದೊಂದೇ ಚಕ್ರ ಹತ್ತುವುದರಿಂದ ಬಚಾವಾಗಬಹುದು, ಹಿಂದಿನ ಸೀಟಿನಲ್ಲಿ ಮೂವರಿದ್ದರೆ ಅದೂ ಇಲ್ಲ.

ಇನ್ನೂ 15 ಇಳಿಸುವುದು ಬೇಡ. ಕಾರಣ ಹಂಪ್ ಅಲ್ಲ, ಲೋವರ್ ಆರ್ಮ್. ಗಾಡಿ ನೆಲದ ಮೇಲಿರುವಾಗ ಮುಂದೆ ಬಗ್ಗಿ ನೋಡಿ. ಒಳಗಿನ ಬುಷ್‌ನಿಂದ ಹೊರಗಿನ ಬಾಲ್ ಜಾಯಿಂಟಿಗೆ ಆರ್ಮ್ ಸ್ವಲ್ಪ ಇಳಿಜಾರು ಅಥವಾ ಮಟ್ಟ ಇದ್ದರೆ ಸರಿ. ಹೊರಕ್ಕೆ ಮೇಲೇರಿದ್ದರೆ ಮ್ಯಾಕ್‌ಫರ್ಸನ್ ಸ್ಟ್ರಟ್ ಗಾಡಿಯ ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಬಾಡಿಗಿಂತ ವೇಗವಾಗಿ ಕೆಳಗಿಳಿದು ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ, ಚಕ್ರ ಏರಿಳಿದಾಗ ಸ್ಟಿಯರಿಂಗ್ ತಾನಾಗಿ ಎಳೆಯುತ್ತದೆ. ತಗ್ಗಿಸಿದ ಗಾಡಿ ತಿರುವಿನಲ್ಲಿ ಮೊದಲಿಗಿಂತ ಕೆಟ್ಟದಾಗಿ ನಡೆಯುವುದಕ್ಕೆ ಇದೇ ಕಾರಣ. ಚೆಂದ ಕಾಣಲೆಂದು ಇಳಿಸಿ, ಚೆನ್ನಾಗಿ ಓಡುತ್ತದೆಂದು ನಂಬುವುದು ಬೇಡ. ನನ್ನ ಅಭಿಪ್ರಾಯ ಕೇಳಿದರೆ, ಈ ಗಾಡಿಗೆ 25ರಿಂದ 30 ಸಾಕು, ನೀವು 5–10 ಏರಿಸಬೇಕು.

ನೆಕ್ಕರ್ ತೀರ

ಸ್ಟುಟ್‌ಗಾರ್ಟ್‌ನಿಂದ. ಇಲ್ಲಿ ಕಾಯಿಲೋವರ್ ಜೊತೆ ಟೈಲ್‌ಗುಟಾಖ್ಟೆನ್ ಎಂಬ ಕಾಗದ ಬರುತ್ತದೆ, ಯಾವ ಗಾಡಿಗೆ ಎಷ್ಟು ಇಳಿಸಬಹುದು ಎಂಬುದು ಅದರಲ್ಲೇ ಇರುತ್ತದೆ. ಹಾಕಿದ ಮೇಲೆ ಟ್ಯೂಫ್ ತರಹದ ವಾಹನ ತಪಾಸಣಾ ಸಂಸ್ಥೆಯಲ್ಲಿ ತೋರಿಸಿ ಒಪ್ಪಿಗೆ ಪಡೆಯಬೇಕು. ಅವರೂ ಹಬ್ ನಡುವಿನಿಂದ ಫೆಂಡರ್ ಅಂಚಿಗೇ ಅಳೆಯುತ್ತಾರೆ.

ಇನ್ನೊಂದು ವಿಷಯ, ಎಲ್ಲ ಕಾಯಿಲೋವರಿಗೂ ಕೆಳಗಿನ ಬ್ರ್ಯಾಕೆಟ್ ತಿರುಗುವುದಿಲ್ಲ. ಬಿಲ್‌ಸ್ಟೈನ್ ಬಿ14ರಂಥವುಗಳಲ್ಲಿ ರಿಂಗ್ ಒಂದೇ, ಎತ್ತರ ಅದರಿಂದಲೇ. ಅಲ್ಲಿ ಡ್ಯಾಂಪರ್ ಬಾಡಿಯನ್ನೇ ಗಿಡ್ಡ ಮಾಡಿ, ಸಹಾಯಕ ಸ್ಪ್ರಿಂಗ್ ಕೊಟ್ಟು ಸಡಿಲ ಬಾರದಂತೆ ಮಾಡಿರುತ್ತಾರೆ. ಹಾಗಾಗಿ ‘ರಿಂಗಿನಿಂದ ಎತ್ತರ ಇಳಿಸಬಾರದು’ ಎಂಬ ಮಾತನ್ನು ಅಂಥ ಕಿಟ್‌ಗೆ ಅನ್ವಯಿಸಬೇಡಿ. ಅವರು ಹೇಳಿದ ವ್ಯಾಪ್ತಿಯೊಳಗೆ ಇದ್ದರೆ ಸ್ಟ್ರೋಕ್ ಲೆಕ್ಕ ಅವರೇ ಹಾಕಿರುತ್ತಾರೆ.

ಮೈಸೂರು ಮೂಲೆತೂಕ

ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೆನಪಿರಲಿ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಕೂಡದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ವಿಮಾ ಕಂಪನಿಗೆ ಬರಹದಲ್ಲಿ ತಿಳಿಸದೆ ಓಡಿಸಬೇಡಿ, ಮೂಲ ಸ್ಟ್ರಟ್ ಮತ್ತು ಸ್ಪ್ರಿಂಗ್ ಮಾರದೆ ಇಟ್ಟುಕೊಳ್ಳಿ.

ತುಂಗಾತೀರ19

ಮಾಡಿದೆ. ರಾಡ್ ಅಳೆದರೆ 118 ಬಂತು. ಥ್ರೆಡ್ 2 ಮಿ.ಮೀ. ರಿಂಗ್ 15 ಸುತ್ತು ಮೇಲೆ, ಬ್ರ್ಯಾಕೆಟ್ 11 ಸುತ್ತು ಒಳಗೆ. ಗಾಡಿ ಮೊದಲಿಗಿಂತ 8 ಎತ್ತರ. ಸ್ಪ್ರಿಂಗ್ ಇಲ್ಲದೆ ಎತ್ತಿ ನೋಡಿದಾಗ ಬಲಕ್ಕೆ ಪೂರ್ತಿ ತಿರುಗಿಸಿದರೆ ಲೈನರಿಗೆ 6 ಮಿ.ಮೀ. ಸಂದು ಮಾತ್ರ, ಅದಕ್ಕೆ 5 ಮಿ.ಮೀ. ಪ್ಯಾಕರ್ ಹಾಕಿದೆ. ಲಿಂಕ್ ರಾಡ್ ಬಿಚ್ಚಿದಾಗ ಎಡಬಲ ವ್ಯತ್ಯಾಸ 7ರಿಂದ 2ಕ್ಕೆ ಇಳಿಯಿತು, ರಿಂಗ್ ಮುಟ್ಟಲಿಲ್ಲ. ‘ಟಣ್’ ಸದ್ದು ಇಲ್ಲ. ಆದರೆ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ‘ಕಿರ್... ಟಂಯ್’ ಅನ್ನುತ್ತದೆ.

ಪಾನಾಪೆಟ್ಟಿಗೆ

ಸ್ಟಿಯರಿಂಗ್ ಜೊತೆ ಸ್ಟ್ರಟ್ ತಿರುಗುತ್ತದೆ, ಸ್ಪ್ರಿಂಗ್ ತಿರುಗದೆ ತಿರುಚಿಕೊಂಡು ಒಮ್ಮೆಗೇ ಬಿಡುತ್ತಿದೆ. ಮೇಲಿನ ಮೌಂಟಿನ ಬೇರಿಂಗ್ ಮೊದಲು ನೋಡಿ. ಚಕ್ರ ಎತ್ತಿ ಸ್ಪ್ರಿಂಗ್ ಮೇಲೆ ಕೈಯಿಟ್ಟು ಬೇರೆಯವರಿಗೆ ಸ್ಟಿಯರಿಂಗ್ ತಿರುಗಿಸಲು ಹೇಳಿ. ಕಟಕಟ ಎಂದು ಕೈಗೆ ಬಂದರೆ ಬೇರಿಂಗ್ ಹೋಗಿದೆ. ಚೆನ್ನಾಗಿದ್ದರೆ ಸ್ಪ್ರಿಂಗಿನ ಮೇಲಿನ ಸೀಟು ಮೌಂಟಿಗೆ ಉಜ್ಜುತ್ತಿದೆಯೇ ನೋಡಿ, ನಡುವೆ ಇರಬೇಕಾದ ವಾಷರ್ ಜೋಡಿಸುವಾಗ ಬಿಟ್ಟಿರಬಹುದು. ಅದೂ ಇದ್ದರೆ ಸ್ಪ್ರಿಂಗಿನ ಎರಡೂ ತುದಿಗೆ ತೆಳು ನೈಲಾನ್ ವಾಷರ್ ಹಾಕಿ.

ನಿಮ್ಮ ರಾಡ್ 2 ಕಡಿಮೆ ಇರುವುದರಿಂದ, 5ರ ಪ್ಯಾಕರ್ ಹಾಕಿದ್ದರಿಂದ ಬಂಪ್ ಸ್ಟಾಪಿಗೆ ಮೊದಲಿನ ಖುಲ್ಲಾ ಜಾಗ 25ರಿಂದ 18ಕ್ಕೆ ಬಂದಿದೆ: 118ರಲ್ಲಿ 55 ಖರ್ಚು, 45 ಸ್ಟಾಪ್ ಮತ್ತು ಪ್ಯಾಕರ್. ಸಾಕೋ ಇಲ್ಲವೋ ಎಂದು ಊಹಿಸಬೇಡಿ. ರಾಡಿಗೆ ಒಂದು ಕೇಬಲ್ ಟೈ ಬಿಗಿಯಾಗಿ ಕಟ್ಟಿ, ಬಾಡಿಯ ಸೀಲ್ ಮುಟ್ಟುವಂತೆ ಕೆಳಗೆ ತಳ್ಳಿಡಿ. ಡ್ಯಾಂಪರ್ ಕುಗ್ಗಿದಷ್ಟೂ ಅದು ಮೇಲೆ ಜರುಗಿ ಅಲ್ಲೇ ನಿಲ್ಲುತ್ತದೆ. ದಿನದ ದಾರಿಯಲ್ಲಿ, ದಿನದ ಭಾರದಲ್ಲಿ ಒಂದು ವಾರ ಓಡಿಸಿ. ಟೈ ಬಂಪ್ ಸ್ಟಾಪ್ ಕೆಳಗಿನ ಕಾಲುಭಾಗದ ತನಕ ಹೋಗಿದ್ದರೆ ಸರಿಯಾಗಿದೆ. ಮೇಲಿನ ತನಕ ಹೋಗಿ ನುಜ್ಜಾಗಿದ್ದರೆ ಎತ್ತರ ಇನ್ನೂ 5 ಏರಿಸಿ, ಈ ಬಾರಿ ಕೆಳಗಿನ ಬ್ರ್ಯಾಕೆಟ್ಟಿನಿಂದ, ಎರಡೂವರೆ ಸುತ್ತು. ಆಗ ಪ್ಯಾಕರ್ ಕೂಡ ತೆಗೆಯಬಹುದು, ಟೈರಿಗೆ ಅಷ್ಟೇ ಸಂದು ತಾನಾಗಿ ಸಿಗುತ್ತದೆ. ಅರ್ಧ ಸುತ್ತಿಗೆ ಹೋಸ್ ಕ್ಲಿಪ್ ಅಡ್ಡ ಬಂದರೆ ಮೂರು ಸುತ್ತು ಮಾಡಿ.

ಹುಬ್ಬಳ್ಳಿ ಅಲೈನ್‌ಮೆಂಟ್

ನೂರಿನ್ನೂರು ಕಿ.ಮೀ. ಓಡಿಸಿ, ಎತ್ತರ ಮತ್ತೊಮ್ಮೆ ಅಳದು, ಲಾಕ್ ರಿಂಗಿನ ಗೆರಿ ನೋಡಿ, ಆಮ್ಯಾಲ ಅಲೈನ್‌ಮೆಂಟಿಗೆ ಹೋಗ್ರಿ. ಹೊಸ ಸ್ಪ್ರಿಂಗ್ ಎರಡ್ಮೂರು ಮಿ.ಮೀ. ಕೂರತದ. ಅಲ್ಲಿ ಹುಡುಗರಿಗೆ ಹೇಳ್ರಿ, ಟೋ ಮಾಡೂ ಮುಂದ ನಕಲ್ ಬೋಲ್ಟ್ ಮುಟ್ಟಬ್ಯಾಡ್ರಿ ಅಂತ, ಬಿಳಿ ಗೆರಿ ತೋರಿಸ್ರಿ.